ಸುತ್ತಿಗೆಯ ಗುರುತು

ಬೈರಿದೇವರಕೊಪ್ಪದಲ್ಲಿ ಈಗ ಕಟ್ಟುತ್ತಿರುವ ಮನೆಗಳ ಹಾಲಿನಲ್ಲಿ ಸೂರಿನ ನಟ್ಟನಡುವೆ ಒಂದು ಕೊಂಡಿ ಇರುತ್ತದೆ. ಸ್ಲ್ಯಾಬ್ ಹಾಕುವ ದಿನವೇ ಸರಳಿಗೆ ಬಿಗಿದು ಕಾಂಕ್ರೀಟಿನೊಳಗೆ ಹುಗಿಯುವ ಈ ಕೊಂಡಿಯ ಜಾಗವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಮೊದಲೆಲ್ಲ ಅದಕ್ಕೆ ಏನನ್ನು ತೂಗುಹಾಕಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹುಬ್ಬಳ್ಳಿಯ ಏಪ್ರಿಲ್, ಮೇ ತಿಂಗಳುಗಳನ್ನು ಕಂಡವರಿಗೆ ಅಲ್ಲಿ ಫ್ಯಾನು ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ಈಗ ಅದೇ ಕೊಂಡಿಗೆ ಇನ್ನೊಬ್ಬ ಹಕ್ಕುದಾರ ಬಂದಿದ್ದಾನೆ. ಅಂಗಡಿಯವರು ಅದನ್ನು ಶಾಂಡೆಲಿಯರ್ ಎನ್ನುತ್ತಾರೆ, ನಮ್ಮ ಕಡೆಯ ಕೆಲವು ಹಿರಿಯರು ಝೂಮರ್ ಎನ್ನುತ್ತಾರೆ. ಗಾಜಿನ ಹರಳುಗಳ ಮಿಣುಕು ಬೇಡ, ಸ್ವಲ್ಪ ಗಂಭೀರವಾದದ್ದು ಬೇಕು ಎನ್ನುವವರಿಗೆ ‘ರಾಟ್ ಐರನ್’ ಶಾಂಡೆಲಿಯರ್ ಇದೆ. ಕಪ್ಪು ಬಣ್ಣ, ಬಳ್ಳಿಯಂತೆ ಸುರುಳಿ ಸುತ್ತಿಕೊಂಡ ತೋಳುಗಳು, ತುದಿಯಲ್ಲಿ ಮೇಣದಬತ್ತಿಯ ಆಕಾರದ ಎಲ್‌ಇಡಿ ಬಲ್ಬುಗಳು, ಮೈತುಂಬ ಸುತ್ತಿಗೆ ಬಿದ್ದಂಥ ಸಣ್ಣ ಸಣ್ಣ ತಗ್ಗುಗಳು.

ಉಣಕಲ್ಲಿನ ಕೆರೆ ದಾಟಿ ಪಿ.ಬಿ. ರೋಡ್ ಹಿಡಿದು ಧಾರವಾಡದ ಕಡೆ ಹೊರಟರೆ ನವನಗರಕ್ಕಿಂತ ಮೊದಲು ಸಿಗುವ ಬೈರಿದೇವರಕೊಪ್ಪ ಹಿಂದೆ ಒಂದು ಹಳ್ಳಿ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಎರಡು ಊರುಗಳ ನಡುವಿನ ಇಂಥ ಹಳ್ಳಿಗಳೆಲ್ಲ ನಿಧಾನಕ್ಕೆ ಬಡಾವಣೆಗಳಾದವು. ಈಗ ಚಿಗರಿ ಬಸ್ಸು ಓಡುವ ರಸ್ತೆಯ ಎರಡೂ ಬದಿಗೆ ಮನೆಗಳು ಏಳುತ್ತಿವೆ. ನಮ್ಮ ಅಣ್ಣ ಮತ್ತು ವೈನಿ ಅಲ್ಲೇ ಒಂದು ಮನೆ ಕಟ್ಟಿಸುತ್ತಿದ್ದಾರೆ. ಕೊಂಡಿಗೆ ಫ್ಯಾನೋ ದೀಪವೋ, ದೀಪವಾದರೆ ಎಂಥ ದೀಪ ಎಂಬ ಚರ್ಚೆ ನಮ್ಮಲ್ಲಿ ಎರಡು ತಿಂಗಳಿಂದ ನಡೆದಿದೆ. ನೀತಿಶಾಸ್ತ್ರದ ಪುಸ್ತಕಗಳಲ್ಲಿ ನೈತಿಕ ಪ್ರಶ್ನೆ ಅಂದರೆ ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂಬಂಥ ದೊಡ್ಡ ಇಕ್ಕಟ್ಟು. ನಮ್ಮಂಥವರಿಗೆ ಅಂಥ ಪ್ರಸಂಗ ಜೀವಮಾನದಲ್ಲಿ ಒಮ್ಮೆ ಬಂದರೆ ಹೆಚ್ಚು. ಆದರೆ ಸಾಮಾನು ಕೊಳ್ಳುವ ಪ್ರಸಂಗ ವಾರಕ್ಕೊಮ್ಮೆ ಬರುತ್ತದೆ. ಒಂದು ದೀಪವನ್ನು ಆರಿಸುವಾಗ ನಾವು ನಿಜವಾಗಿ ಏನನ್ನು ಆರಿಸುತ್ತೇವೆ ಎಂಬುದನ್ನು ಸ್ವಲ್ಪ ನಿಂತು ನೋಡುವುದು ಈ ಬರಹದ ಉದ್ದೇಶ.

ಮೊದಲು ಹೆಸರಿನಿಂದ ಶುರುಮಾಡೋಣ. ಶಾಂಡೆಲಿಯರ್ ಎಂಬ ಮಾತು ಕೇಳಿದರೆ ಅರಮನೆ ನೆನಪಾಗುತ್ತದೆ, ಕಂದೀಲು ಎಂದರೆ ದನದ ಕೊಟ್ಟಿಗೆ ನೆನಪಾಗುತ್ತದೆ. ಆದರೆ ಇವೆರಡೂ ಒಂದೇ ಮನೆಯ ಮಕ್ಕಳು. ಮೇಣದಬತ್ತಿಗೆ ಲ್ಯಾಟಿನ್ನಿನಲ್ಲಿದ್ದ ‘ಕ್ಯಾಂಡೆಲಾ’ ಎಂಬ ಪದ ಫ್ರಾನ್ಸಿನ ದಾರಿ ಹಿಡಿದು ಶಾಂಡೆಲಿಯರ್ ಆಯಿತು. ಅದೇ ಪದ ಗ್ರೀಕಿನ ಮೂಲಕ ಅರಬ್ಬಿಗೆ ಹೋಗಿ ‘ಕಿಂದೀಲ್’ ಆಗಿ, ಪಾರಸಿ, ಉರ್ದು, ಮರಾಠಿಗಳನ್ನು ಹಾದು ನಮ್ಮ ಕಂದೀಲು ಆಯಿತು. ಇನ್ನೂ ಹಿಂದಕ್ಕೆ ಹೋದರೆ ಹೊಳೆಯುವುದು ಎಂಬರ್ಥದ ಆ ಮೂಲ ಧಾತುವಿನಿಂದಲೇ ಸಂಸ್ಕೃತದ ಚಂದ್ರನೂ ಹುಟ್ಟಿದ್ದಾನೆ. ಹಾಗಾಗಿ ಹಾಲಿನಲ್ಲಿ ಶಾಂಡೆಲಿಯರ್ ತೂಗುಹಾಕುವವರು ಪರದೇಶದ ವಸ್ತುವೊಂದಕ್ಕೆ ಮರುಳಾದರು ಎಂದು ಮೂಗು ಮುರಿಯುವುದಕ್ಕೆ ನಾನು ತಯಾರಿಲ್ಲ. ಪದಗಳೂ ಸಾಮಾನುಗಳೂ ಯಾವತ್ತೂ ಊರೂರು ಸುತ್ತಿಯೇ ಬಂದಿವೆ. ನನ್ನ ತಕರಾರು ಇರುವುದು ಇನ್ನೊಂದು ಪದದ ಬಗ್ಗೆ.

‘ರಾಟ್’ ಎಂಬುದು ಇಂಗ್ಲಿಷಿನಲ್ಲಿ ‘ಕೆಲಸ ಮಾಡು’ ಎಂಬ ಕ್ರಿಯಾಪದದ ಹಳೆಯ ಭೂತರೂಪ. ನಮ್ಮ ‘ಗೇಯ್ಮೆ’ಯ ಬೇರಿನಿಂದ ಹೇಳುವುದಾದರೆ ಗೇಯ್ದ ಕಬ್ಬಿಣ. ನಮ್ಮ ಶಾಲಾಪುಸ್ತಕಗಳು ಮೆತುಕಬ್ಬಿಣ ಎಂದವು. ಅಚ್ಚಿಗೆ ಹೊಯ್ಯುವ ಬೀಡುಕಬ್ಬಿಣದ ಎದುರಿಗೆ, ಬಡಿದರೆ ಬಾಗುವ ಗುಣವನ್ನು ಆ ಹೆಸರು ಹೇಳುತ್ತದೆ. ಇಂಗ್ಲಿಷಿನ ಹೆಸರು ಕಬ್ಬಿಣದ ಗುಣವನ್ನಲ್ಲ, ಅದರ ಮೇಲೆ ಬಿದ್ದ ದುಡಿಮೆಯನ್ನು ಹೇಳುತ್ತದೆ. ಅಂದರೆ ನಾವು ಆ ದೀಪವನ್ನು ಕೊಳ್ಳುವಾಗ ಹೆಸರಿನಲ್ಲೇ ಒಂದು ಮಾತು ಸೇರಿಕೊಂಡಿರುತ್ತದೆ: ಇದನ್ನು ಯಾರೋ ದುಡಿದು ಮಾಡಿದ್ದಾರೆ.

ಈ ಮಾತು ನಿಜವೇ? ಮೆತುಕಬ್ಬಿಣ ಅಂದರೆ ಇಂಗಾಲ ತೀರಾ ಕಡಿಮೆ ಇರುವ, ಆದರೆ ಒಳಗೆ ಕಿಟ್ಟದ ಸಣ್ಣ ಎಳೆಗಳು ಉಳಿದಿರುವ ಕಬ್ಬಿಣ. ಕಾಸಿ ಬಡಿದಂತೆಲ್ಲ ಆ ಎಳೆಗಳು ಉದ್ದಕ್ಕೆ ಹಿಗ್ಗಿ, ಮುರಿದು ನೋಡಿದರೆ ಕಟ್ಟಿಗೆಯ ನಾರಿನಂತೆ ಕಾಣುತ್ತವೆ. ನಮ್ಮ ನಾಡಿಗೆ ಇದು ಹೊಸದಲ್ಲ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಉತ್ಖನನ ಮಾಡಿದಾಗ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣದ ವಸ್ತುಗಳು ಸಿಕ್ಕವು. ಪಶ್ಚಿಮ ಘಟ್ಟದ ಮಳೆಯಲ್ಲಿ ತೋಯುತ್ತ ಕೊಡಚಾದ್ರಿಯ ಮೂಲಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬ ಲೋಹಶಾಸ್ತ್ರಜ್ಞರ ಕುತೂಹಲ ಕೆರಳಿಸಿದೆ. ನಮ್ಮ ಉಕ್ಕು ಎಂಬ ಮಾತೇ ‘ವೂಟ್ಜ್’ ಆಗಿ ಯುರೋಪಿನ ಲೋಹಶಾಸ್ತ್ರದ ಪುಸ್ತಕ ಸೇರಿತೆಂದು ವಿದ್ವಾಂಸರು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಹೆನ್ರಿ ಕಾರ್ಟ್ 1784ರಲ್ಲಿ ಮೆತುಕಬ್ಬಿಣವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕುಲುಮೆಯ ಬಾಯಿಗೆ ನಿಂತು ಕರಗಿದ ಕಬ್ಬಿಣವನ್ನು ಉದ್ದನೆಯ ಸಲಾಕೆಯಿಂದ ಕಲಕುವ, ಮೈ ಸುಡುವ ಕೆಲಸ ಅದು. 1889ರಲ್ಲಿ ನಿಂತ ಐಫೆಲ್ ಗೋಪುರದ ಕಬ್ಬಿಣ ಇದೇ. ಆದರೆ 1856ರಲ್ಲಿ ಬೆಸ್ಸೆಮರ್ ಕಡಿಮೆ ಖರ್ಚಿನಲ್ಲಿ ಉಕ್ಕು ತಯಾರಿಸುವ ದಾರಿ ಕಂಡುಕೊಂಡ ಮೇಲೆ ಮೆತುಕಬ್ಬಿಣದ ಕಾಲ ಮುಗಿಯುತ್ತ ಬಂತು. ಬ್ರಿಟನ್ನಿನಲ್ಲಿ ಅದನ್ನು ವ್ಯಾಪಾರಕ್ಕಾಗಿ ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆ, ಬೋಲ್ಟನ್ ಊರಿನದು, 1973ರಲ್ಲಿ ಮುಚ್ಚಿತು.

ಹಾಗಾದರೆ ಇವತ್ತು ಅಂಗಡಿಯಲ್ಲಿ ರಾಟ್ ಐರನ್ ಎಂದು ತೂಗುತ್ತಿರುವುದು ಏನು? ಗೋಕುಲ ರೋಡಿನ ಯಾವುದೇ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಎಂ.ಎಸ್. ಎಂದು ಕರೆಯುವ ಮೃದು ಉಕ್ಕು. ಕಿಟಕಿಯ ಗ್ರಿಲ್ಲು, ಗೇಟು, ಮೆಟ್ಟಿಲ ಕಟಾಂಜನ ಎಲ್ಲವೂ ಅದರದ್ದೇ. ಅದನ್ನು ಬಾಗಿಸಿ, ವೆಲ್ಡಿಂಗ್ ಮಾಡಿ, ಕಪ್ಪು ಪೌಡರ್ ಕೋಟಿಂಗ್ ಹೊಡೆದರೆ ರಾಟ್ ಐರನ್ ಆಗುತ್ತದೆ. ಹೆಸರಿನಲ್ಲಿರುವ ಲೋಹ ದೀಪದಲ್ಲಿಲ್ಲ.

ಇದು ಮೋಸವೇ? ಅಷ್ಟು ಬೇಗ ಹೇಳಲಾಗದು. ಸೀಸದಕಡ್ಡಿಯಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟು. ಎಣ್ಣೆ ಅಂದರೆ ಎಳ್ಳಿನ ನೆಯ್ಯಿ. ಆದರೂ ನಾವು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಎನ್ನುತ್ತೇವೆ, ಯಾರೂ ಯಾರನ್ನೂ ಠಕ್ಕ ಎನ್ನುವುದಿಲ್ಲ. ಹೆಸರುಗಳು ಎಲ್ಲರ ಒಪ್ಪಿಗೆಯಿಂದ ಸರಿಯುತ್ತ ಹೋಗುತ್ತವೆ. ಕೊಳ್ಳುವವನಿಗೂ ಮಾರುವವನಿಗೂ ಗೊತ್ತಿದ್ದ ಮೇಲೆ ರಾಟ್ ಐರನ್ ಎಂಬುದು ಒಂದು ಶೈಲಿಯ ಹೆಸರು, ಅಷ್ಟೇ. ಲೋಹಶಾಸ್ತ್ರದ ಶುದ್ಧಿಯನ್ನು ಹಿಡಿದು ಜಗಳಕ್ಕೆ ನಿಲ್ಲುವುದು ಪಂಡಿತರ ಹಟವಾದೀತು.

ಆದರೆ ಮೈಮೇಲಿನ ತಗ್ಗುಗಳ ಸಂಗತಿ ಬೇರೆ. ಅವು ಹೆಸರಲ್ಲ, ಗುರುತು. ಹೆಸರು ಒಪ್ಪಂದದಿಂದ ಹುಟ್ಟುತ್ತದೆ, ಗುರುತು ಘಟನೆಯಿಂದ ಹುಟ್ಟುತ್ತದೆ. ಕಬ್ಬಿಣದ ಮೇಲೆ ಸುತ್ತಿಗೆಯ ಗುರುತಿದ್ದರೆ ಅಲ್ಲಿ ಒಂದು ಕೈ ಎದ್ದು ಬಿತ್ತು ಎಂದರ್ಥ. ನಮ್ಮ ನ್ಯಾಯದರ್ಶನದವರು ಅನುಮಾನ ಪ್ರಮಾಣವನ್ನು ವಿವರಿಸುವಾಗ ಬೆಟ್ಟದ ಮೇಲಿನ ಹೊಗೆಯ ಉದಾಹರಣೆ ಕೊಡುತ್ತಾರಲ್ಲ, ಇದೂ ಅದೇ ಜಾತಿಯ ಸಾಕ್ಷಿ. ಹೊಗೆ ಕಂಡು ಬೆಂಕಿಯನ್ನು ತಿಳಿಯುವಂತೆ ತಗ್ಗು ಕಂಡು ಸುತ್ತಿಗೆಯನ್ನು ತಿಳಿಯುತ್ತೇವೆ. ಮಂಜನ್ನು ಹೊಗೆ ಎಂದು ತಿಳಿದರೆ ಅದು ನೋಡುವವನ ಭ್ರಮೆ. ಆದರೆ ಬೆಂಕಿ ಇಲ್ಲದ ಕಡೆ ಬೇಕೆಂದೇ ಹೊಗೆಯಂಥದ್ದನ್ನು ಎಬ್ಬಿಸಿಟ್ಟರೆ ಭ್ರಮೆಗೆ ಬೇರೊಬ್ಬ ಕರ್ತೃ ಇದ್ದಾನೆ. ಇಂದು ಈ ತಗ್ಗುಗಳನ್ನು ಯಂತ್ರದ ರೋಲರಿನಲ್ಲೇ ಒತ್ತಿದ ಕಂಬಿಗಳು ಸಿದ್ಧವಾಗಿ ಸಿಗುತ್ತವೆ. ಒಂದೇ ಅಂತರದಲ್ಲಿ, ಒಂದೇ ಆಳದಲ್ಲಿ ಮರುಕಳಿಸುವ ತಗ್ಗುಗಳು. ಅಣ್ಣನಿಗೆ ಒಂದು ಅಂಗಡಿಯಲ್ಲಿ “ಪೂರಾ ಹ್ಯಾಂಡ್‌ಮೇಡ್ ನೋಡ್ರಿ ಸರ್” ಎಂದು ತೋರಿಸಿದ ದೀಪದ ಐದೂ ತೋಳುಗಳಲ್ಲಿ ತಗ್ಗುಗಳು ಎಣಿಸಿದಂತೆ ಒಂದೇ ಜಾಗದಲ್ಲಿದ್ದವು. ಯಾವ ಮನುಷ್ಯನ ಕೈಯೂ ಅಷ್ಟು ನಿಷ್ಠೆಯಿಂದ ತನ್ನನ್ನು ತಾನೇ ನಕಲು ಮಾಡಲಾರದು.

ಈ ಪ್ರಶ್ನೆಯ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಇಬ್ಬರು ಬಹಳ ಗಟ್ಟಿಯಾಗಿ ಯೋಚಿಸಿದ್ದಾರೆ, ಎದುರುಬದರಾಗಿ. ಜಾನ್ ರಸ್ಕಿನ್ ವಾಸ್ತುಶಿಲ್ಪದ ಬಗ್ಗೆ 1849ರಲ್ಲಿ ಬರೆದ ಪುಸ್ತಕಕ್ಕೆ ಏಳು ದೀಪಗಳ ಹೆಸರಿಟ್ಟ. ಅವುಗಳಲ್ಲಿ ಒಂದು ಸತ್ಯದ ದೀಪ. ಅಚ್ಚಿಗೆ ಹೊಯ್ದ ಅಥವಾ ಯಂತ್ರ ಮಾಡಿದ ಅಲಂಕಾರವನ್ನು ಅವನು ಅಲ್ಲಿ ಸುಳ್ಳಿನ ಲೆಕ್ಕಕ್ಕೆ ಸೇರಿಸುತ್ತಾನೆ, ಏಕೆಂದರೆ ಅದು ತಾನು ಬೇಡದ ದುಡಿಮೆಯನ್ನು ಬೇಡಿದಂತೆ ನಟಿಸುತ್ತದೆ. ನಾಲ್ಕು ವರ್ಷಗಳ ನಂತರ ಗೋಥಿಕ್ ಶಿಲ್ಪದ ಬಗ್ಗೆ ಬರೆಯುವಾಗ ಅವನು ಇನ್ನೂ ಮುಂದೆ ಹೋದ. ಗಾಜಿನ ಮಣಿ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ಗಾಜಿನ ಕಡ್ಡಿ ತುಂಡರಿಸುವವರ ಕೈ ನಡುಗುವುದನ್ನು ವರ್ಣಿಸಿ, ಆ ಮಣಿಸರ ಕೊಳ್ಳುವ ಹೆಣ್ಣುಮಗಳು ಗುಲಾಮರ ವ್ಯಾಪಾರದಲ್ಲಿ ಪಾಲು ತೆಗೆದುಕೊಂಡಂತೆ ಎಂದ. ಕೊಳ್ಳುವುದು ಖಾಸಗಿ ಕ್ರಿಯೆಯಲ್ಲ, ಕೊಂಡ ವಸ್ತುವಿನ ಹಿಂದಿನ ಕೈಗೂ ನಮಗೂ ಸಂಬಂಧ ಇದೆ ಎಂಬುದು ಅವನ ವಾದ.

ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ವಿರಾಮವರ್ಗದ ಬಗ್ಗೆ ಬರೆದಾಗ ಇದೇ ನಾಣ್ಯದ ಇನ್ನೊಂದು ಮುಖ ತೋರಿಸಿದ. ಅವನ ಉದಾಹರಣೆ ಚಮಚ. ಕೈಯಿಂದ ಮಾಡಿದ ಬೆಳ್ಳಿಯ ಚಮಚವನ್ನು ನಾವು ಚಂದ ಎಂದು ಮೆಚ್ಚುತ್ತೇವೆ. ಅದು ಅಗ್ಗದ ಲೋಹದ ಜಾಣ ನಕಲು ಎಂದು ಗೊತ್ತಾದರೆ ಸಾಕು, ಚಮಚದ ಆಕಾರ ಒಂದಿಷ್ಟೂ ಬದಲಾಗದೆ ಇದ್ದರೂ ಅದರ ಚೆಲುವು ನಮ್ಮ ಕಣ್ಣಲ್ಲಿ ಇಳಿದುಹೋಗುತ್ತದೆ. ಹಾಗಾದರೆ ನಾವು ಮೆಚ್ಚಿದ್ದು ಚಂದವನ್ನೋ, ಬೆಲೆಯನ್ನೋ? ಯಂತ್ರ ಮಾಡಿದ್ದು ಹೆಚ್ಚು ಸಪಾಟಾಗಿ, ಹೆಚ್ಚು ನಿಖರವಾಗಿ ಇರುತ್ತದೆ. ಆದ್ದರಿಂದಲೇ ಉಳ್ಳವರಿಗೆ ಓರೆಕೋರೆ ಬೇಕಾಯಿತು, ಏಕೆಂದರೆ ಓರೆಕೋರೆಯೇ ಈಗ ದುಬಾರಿ. ರಸ್ಕಿನ್ ಮತ್ತು ಅವನ ಶಿಷ್ಯ ವಿಲಿಯಂ ಮಾರಿಸ್ ಕೈಕೆಲಸದ ದೋಷವನ್ನೇ ಪೂಜೆಗೆ ಇಟ್ಟರು ಎಂದು ಅವನು ಗೇಲಿ ಮಾಡುತ್ತಾನೆ.

ಯಂತ್ರ ಒತ್ತಿದ ಸುತ್ತಿಗೆಯ ಗುರುತನ್ನು ನೋಡಿದರೆ ಇಬ್ಬರೂ ಗೆದ್ದಂತೆ ಕಾಣುತ್ತದೆ. ರಸ್ಕಿನ್ ಹೇಳಿದಂತೆ ಅದು ಸುಳ್ಳು. ವೆಬ್ಲೆನ್ ಹೇಳಿದಂತೆ ಆ ಸುಳ್ಳಿಗೆ ಬೆಲೆ ಬರುವುದು ನಮ್ಮ ಪ್ರತಿಷ್ಠೆಯ ಹಸಿವಿನಿಂದ. ಆದರೆ ಇಬ್ಬರನ್ನೂ ನಮ್ಮ ನೆಲಕ್ಕೆ ತಂದು ನಿಲ್ಲಿಸಿದರೆ ಇಬ್ಬರಿಗೂ ಕಾಣದ ಒಂದು ಮೂಲೆ ಉಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಕಬ್ಬಿಣ ಬಡಿಯುತ್ತಿದ್ದ ಕೈ ಎಂಥದ್ದು? ಕಂಬಾರ ಆಯಗಾರರಲ್ಲಿ ಒಬ್ಬ. ರೈತರ ಕುಡ, ಕುಡಗೋಲು, ಗಾಡಿಯ ಹಳಿ ಇವನ್ನೆಲ್ಲ ವರ್ಷವಿಡೀ ಮಾಡಿಕೊಟ್ಟು, ತಟ್ಟಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ಅಳೆಸಿಕೊಂಡು ಬರುತ್ತಿದ್ದ. ಮಳೆ ಹೋದ ವರ್ಷ ಕಾಳೂ ಹೋಗುತ್ತಿತ್ತು. ತಿದಿ ಒತ್ತುವ ಕೆಲಸ ಮನೆಯ ಮಕ್ಕಳದು, ಕೆಲವು ಕಡೆ ಚಮ್ಮಟಿಗೆ ಎತ್ತುವ ಕೆಲಸ ಮನೆಯ ಹೆಂಗಸರದು. ಆ ಕೈ ಯಾವ ಕೆಲಸ ಮಾಡಬೇಕೆಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು. ಊರಿನಲ್ಲಿ ಅದಕ್ಕೆ ಇಷ್ಟೇ ಜಾಗ ಎಂಬುದನ್ನೂ ಅದೇ ತೀರ್ಮಾನಿಸುತ್ತಿತ್ತು. ಬನ್ನಿ ಹಬ್ಬದ ಖಂಡೆ ಪೂಜೆಯ ದಿನ ಅಡಿಗಲ್ಲಿಗೂ ಸುತ್ತಿಗೆಗೂ ವಿಭೂತಿ, ಹೂವು ಸಲ್ಲುತ್ತಿದ್ದುದು ನಿಜ. ಸಾಧನಕ್ಕೆ ಸಂದ ಗೌರವ ಸಾಧನ ಹಿಡಿದವನಿಗೂ ವರ್ಷದ ಉಳಿದ ದಿನ ಸಂದಿತ್ತೇ ಎಂದು ಕೇಳಬೇಕು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಮಾತು ಎತ್ತಿದ್ದು ಈ ಕಂದಕವನ್ನು ಕಂಡೇ. ಅಕ್ಕಸಾಲಿಗ ಹಾವಿನಹಾಳ ಕಲ್ಲಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ವಚನ ನುಡಿದದ್ದು ಅವರ ಕೆಲಸವನ್ನು ಬೇರೆ ಯಾರೋ ‘ಎಷ್ಟು ಚಂದ’ ಎಂದು ಮೆಚ್ಚಿದ್ದರಿಂದಲ್ಲ, ಕೆಲಸ ಮಾಡುವವರಾಗಿ ಅವರಿಗೆ ಮಾತಿನ ಹಕ್ಕು ಸಿಕ್ಕಿದ್ದರಿಂದ.

ಅಂದರೆ ಕೈಕೆಲಸದ ಗುರುತನ್ನು ಆರಾಧಿಸುವುದೂ, ಕೈಕೆಲಸದವರನ್ನು ಗೌರವಿಸುವುದೂ ಒಂದೇ ಅಲ್ಲ. ನೋಡಿ, ವಿಚಿತ್ರ ಹೇಗಿದೆ: ಕಂಬಾರನ ಕುಲುಮೆ ಊರಿನಿಂದ ಮಾಯವಾದ ಮೇಲೆ ಅವನ ಸುತ್ತಿಗೆಯ ಗುರುತು ನಮ್ಮ ಹಾಲಿನ ಶೋಭೆಯಾಗಿದೆ. ಅವನಿದ್ದಾಗ ಆ ಗುರುತು ಬಡತನದ ಗುರುತಾಗಿತ್ತು. ಪೇಟೆಯಿಂದ ನುಣುಪಾದ ಕಾರ್ಖಾನೆ ಮಾಲು ಬಂದಾಗ ಎಲ್ಲರೂ ಅತ್ತ ತಿರುಗಿದರು. ಈಗ ನಮಗೆ ಮನುಷ್ಯ ಬೇಡ, ಮನುಷ್ಯ ಇದ್ದ ಕುರುಹು ಬೇಕು. ನನಗೆ ಇದರಲ್ಲಿ ಕಾಣುವ ಕೊರತೆ ನಕಲು ಮಾಡಿದ್ದಷ್ಟೇ ಅಲ್ಲ. ಆ ನಕಲಿನ ಗುರುತು ಅಸಲಿ ದುಡಿಮೆಯನ್ನು ಮುಚ್ಚಿಹಾಕುತ್ತದೆ. ಏಕೆಂದರೆ ಯಂತ್ರ ಒತ್ತಿದ ದೀಪವನ್ನೂ ಯಾರೋ ದುಡಿದೇ ಮಾಡಿರುತ್ತಾರೆ. ಕಂಬಿ ಕತ್ತರಿಸಿದವನು, ವೆಲ್ಡಿಂಗ್ ಮಾಡಿದವನು, ಗ್ರೈಂಡರಿನಿಂದ ಬೆಸುಗೆಯ ಗಂಟು ಉಜ್ಜಿದವನು, ಬಣ್ಣ ಹೊಡೆದವನು. ಕಪ್ಪು ಕನ್ನಡಕ ಇಲ್ಲದೆ ಒಂದು ಕೈ ಅಡ್ಡ ಹಿಡಿದು ವೆಲ್ಡಿಂಗ್ ಮಾಡಿ, ರಾತ್ರಿ ಕಣ್ಣಿನಲ್ಲಿ ಮರಳು ಹೊಕ್ಕಂತಾಗಿ ನಿದ್ದೆಗೆಡುವ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ದುಡಿಮೆಯ ಗುರುತಾದ ಬೆಸುಗೆಯ ಗೆರೆಯನ್ನು ಉಜ್ಜಿ ಅಳಿಸಿ, ಎಂದೂ ಇಲ್ಲದ ಕಂಬಾರನೊಬ್ಬನ ಗುರುತನ್ನು ಒತ್ತಿ, ನಾವು ಅದನ್ನು ಮನೆಗೆ ತರುತ್ತೇವೆ. ಇದ್ದವನನ್ನು ಅಳಿಸಿ ಇಲ್ಲದವನನ್ನು ಬರೆಯುವುದು ಸುಳ್ಳಿಗಿಂತ ಒಂದು ಹೆಜ್ಜೆ ಮುಂದಿನದು.

ಹಾಗಂತ ಅಸಲಿ ಸುತ್ತಿಗೆಯ ದೀಪ ಎಲ್ಲೂ ಇಲ್ಲವೆಂದಲ್ಲ. ಛತ್ತೀಸಗಢದ ಬಸ್ತರಿನಲ್ಲಿ ಲೋಹಾರರು ಇಂದಿಗೂ ಕಬ್ಬಿಣವನ್ನು ಕಾಸಿ ಬಡಿದು ದೀಪಗಳನ್ನು ಮಾಡುತ್ತಾರೆ, ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ಸ್ವಾತಂತ್ರ್ಯಾನಂತರ ಕರಕುಶಲ ಮಂಡಳಿ ಕಟ್ಟಿ ದುಡಿದದ್ದು ಇಂಥ ಕೆಲಸಗಳು ವಸ್ತುಸಂಗ್ರಹಾಲಯ ಸೇರದೆ ಹೊಟ್ಟೆಪಾಡಾಗಿ ಉಳಿಯಲಿ ಎಂದೇ. ಅಂಥದ್ದನ್ನು ಕೊಳ್ಳಬಲ್ಲವರು ಕೊಳ್ಳಲಿ. ಆದರೆ ಎಲ್ಲರ ಜೇಬಿಗೂ ಎಲ್ಲರ ಹಾಲಿಗೂ ಅದೇ ಪರಿಹಾರ ಎನ್ನಲಾಗದು.

ನಾನು ಇದನ್ನೆಲ್ಲ ಮನೆಯಲ್ಲಿ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ವೈನಿ ಪೂರ್ತಿ ಕೇಳಿಸಿಕೊಂಡು ಹೇಳಿದ ಮಾತು ಇದು: “ನೀ ಹೇಳೂದು ಖರೇನ ಐತಿ. ಆದ್ರ ನಾ ಹುಟ್ಟಿದಾಗಿಂದ ಬಾಡಗಿ ಮನಿಯಾಗ ಒಂದ ಟ್ಯೂಬ್‌ಲೈಟಿನ ಕೆಳಗ ಇದ್ದಕಿ. ಅಡಗೀನೂ ಅದರ ಕೆಳಗ, ಓದೂದೂ ಅದರ ಕೆಳಗ, ಬ್ಯಾನಿ ಬಿದ್ದಾಗ ಮಲಗೂದೂ ಅದರ ಕೆಳಗ. ನನ್ನ ಮನಿಯಾಗ ಒಂದ ಚಂದಂದು ಇರ್ಲಿ ಅಂದ್ರ ಅದಕ್ಕೂ ಲೆಕ್ಕಾ ಕೊಡಬೇಕೇನು?”

ಈ ಪ್ರಶ್ನೆಗೆ ವೆಬ್ಲೆನ್ನನ ಬಳಿ ಉತ್ತರವಿಲ್ಲ. ಅವನ ಪ್ರಕಾರ ಚಂದದ ಆಸೆಯ ಬುಡದಲ್ಲಿ ಪ್ರತಿಷ್ಠೆಯ ಆಸೆ ಇದೆ. ಆದರೆ ವೈನಿಗೆ ಬೇಕಾಗಿದ್ದುದು ಅತಿಥಿಗಳ ಹುಬ್ಬೇರುವುದಲ್ಲ. ಬೆಳಕು ಎಂಬುದು ಬರೀ ಅಗತ್ಯವಾಗಿದ್ದ ಬದುಕಿನಲ್ಲಿ ಅದು ಒಮ್ಮೆಯಾದರೂ ಅಗತ್ಯವನ್ನು ಮೀರಲಿ ಎಂಬ ಬಯಕೆ ಅದು. ಸರಳತೆಯ ಉಪದೇಶ ಮಾಡುವವರು ಸಾಮಾನ್ಯವಾಗಿ ಚಂದದ ನಡುವೆ ಬೆಳೆದವರೇ ಆಗಿರುತ್ತಾರೆ. ಇಲ್ಲದವರು ಬಯಸಿದಾಗ ಮಾತ್ರ ಬಯಕೆಗೆ ತಾತ್ವಿಕ ಪರೀಕ್ಷೆ ಒಡ್ಡುವುದು ಅನ್ಯಾಯ. ಮೈಸೂರಿನ ಅರಮನೆ 1897ರಲ್ಲಿ ಸುಟ್ಟು ಮತ್ತೆ ಕಟ್ಟಿದಾಗ ಕಲ್ಯಾಣಮಂಟಪದ ಬೀಡುಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಅಚ್ಚಿಗೆ ಹೊಯ್ದ ಅಲಂಕಾರವೆಂದು ರಸ್ಕಿನ್ ಮುಖ ತಿರುಗಿಸುತ್ತಿದ್ದ ಮಾಲೇ ಅದು. ಅದನ್ನು ನೋಡಲು ನಾವೆಲ್ಲ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲುತ್ತೇವೆ. ಅರಮನೆಗೆ ಹಚ್ಚದ ಅಳತೆಗೋಲನ್ನು ಬೈರಿದೇವರಕೊಪ್ಪದ ಮೂವತ್ತು–ನಲವತ್ತರ ಸೈಟಿನ ಮನೆಗೆ ಹಚ್ಚುವುದೇಕೆ?

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ನಾವು ಸಾಮಾನ್ಯವಾಗಿ ‘ಆಸೆ ಪಡಬೇಡ’ ಎಂಬ ಉಪದೇಶವಾಗಿ ಓದುತ್ತೇವೆ. ನನಗೆ ಮುಖ್ಯವಾಗಿ ಕಾಣುವುದು ಎಷ್ಟು ಸಾಕು ಎಂಬುದನ್ನು ತೀರ್ಮಾನಿಸಿದವಳು ಲಕ್ಕಮ್ಮನೇ ಎಂಬುದು. ಮಹಾಮನೆಯ ದಾನಿಗಳು ಬಂದು ಅವಳಿಗೆ ‘ನಿನಗಿಷ್ಟು ಸಾಕು’ ಎನ್ನಲಿಲ್ಲ. ಸಾಕು ಎಂಬ ಮಾತಿಗೆ ನೈತಿಕ ತೂಕ ಬರುವುದು ಅದನ್ನು ತನಗೆ ತಾನೇ ಹೇಳಿಕೊಂಡಾಗ. ಬೇರೆಯವರಿಗೆ ಹೇಳಿದರೆ ಅದು ಜಿಪುಣತನವೋ ದಬ್ಬಾಳಿಕೆಯೋ ಆಗುತ್ತದೆ.

ಹಾಗಾದರೆ ಎಲ್ಲವೂ ಅವರವರ ಇಷ್ಟ ಎಂದು ಕೈ ತೊಳೆದುಕೊಳ್ಳಬೇಕೇ? ಇಲ್ಲ. ಚಂದದ ಹಕ್ಕು ಇದೆ ಎಂದ ಮೇಲೂ ಆ ಚಂದದ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಎತ್ತಿದವಳು ಅವ್ವ, ಒಂದೇ ಮಾತಿನಲ್ಲಿ: “ಅದನ್ನ ಒರಸಾವ್ರು ಯಾರು?” ಹುಬ್ಬಳ್ಳಿಯ ಧೂಳಿನ ಪರಿಚಯ ಇದ್ದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ರಸ್ತೆಯ ಕಾಮಗಾರಿಯ ವರ್ಷಗಳಲ್ಲಿ ಪಿ.ಬಿ. ರೋಡಿನ ಬದಿಯ ಮನೆಗಳಲ್ಲಿ ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆಗೆ ಹೆಸರು ಬರೆಯಬಹುದಿತ್ತು. ಸುರುಳಿ ಸುರುಳಿಯಾದ ಐದು ತೋಳಿನ ದೀಪದ ಪ್ರತಿ ಸುರುಳಿಯಲ್ಲೂ ಧೂಳು ಕೂಡುತ್ತದೆ, ಜೇಡ ಬಲೆ ಕಟ್ಟುತ್ತದೆ. ಸ್ಟೂಲಿನ ಮೇಲೆ ಟೀಪಾಯಿ ಇಟ್ಟು ಹತ್ತಿ, ಕತ್ತು ಮೇಲೆತ್ತಿ ಒರೆಸುವವರು ಮನೆಯ ಹೆಂಗಸರು, ಇಲ್ಲವೇ ಮನೆಗೆಲಸಕ್ಕೆ ಬರುವ ಹೆಂಗಸು. ವಸ್ತುವನ್ನು ಮಾಡಿದ ದುಡಿಮೆ ಒಮ್ಮೆಗೆ ಮುಗಿಯುತ್ತದೆ, ಕಾಯುವ ದುಡಿಮೆ ಮುಗಿಯುವುದಿಲ್ಲ. ರಸ್ಕಿನ್, ವೆಬ್ಲೆನ್ ಇಬ್ಬರೂ ಮಾಡಿದ ಕೈಯನ್ನು ನೋಡಿದರು. ಒರೆಸುವ ಕೈ ಕಂಡದ್ದು ಅವ್ವನಿಗೆ.

ಕೊನೆಗೆ ಬೆಳಕಿನ ಪ್ರಶ್ನೆ. ದೀಪದಲ್ಲಿ ಎರಡು ಜಾತಿ. ಒಂದು, ತಾನು ಮರೆಯಾಗಿ ಬೇರೆಯದನ್ನು ತೋರಿಸುವುದು. ಒಲೆಯ ಬದಿಯ ಬುಡ್ಡಿ, ಹೊಲಕ್ಕೆ ನೀರು ಹಾಯಿಸಲು ಹೋಗುವಾಗಿನ ಕಂದೀಲು, ಓದುವ ಮೇಜಿನ ದೀಪ ಈ ಜಾತಿಯವು. ಇನ್ನೊಂದು, ತನ್ನನ್ನೇ ತೋರಿಸಿಕೊಳ್ಳುವುದು. ಹಾಲಿನ ನಡುವಿನ ಶಾಂಡೆಲಿಯರ್ ಬಹುಮಟ್ಟಿಗೆ ಎರಡನೆಯದು. ಅದರ ಕೆಳಗೆ ಕುಳಿತು ಓದಲು ಹೋದರೆ ಪುಸ್ತಕದ ಮೇಲೆ ನಮ್ಮದೇ ತಲೆಯ ನೆರಳು ಬೀಳುತ್ತದೆ. ಎರಡನೆಯ ಜಾತಿಯದು ಕೀಳು ಎಂದು ಹೇಳಲಾರೆ. ದೀಪಾವಳಿಯ ಆಕಾಶಬುಟ್ಟಿಯೂ ಏನನ್ನೂ ತೋರಿಸುವುದಿಲ್ಲ, ಸುಮ್ಮನೆ ಇರುತ್ತದೆ, ಅದನ್ನು ಕಂಡರೆ ಮನಸ್ಸು ಅರಳುತ್ತದೆ. ಆದರೆ ಆಕಾಶಬುಟ್ಟಿ ಇರುವುದು ಮನೆಯ ಹೊರಗೆ, ದಾರಿಹೋಕರೆಲ್ಲರಿಗೆ. ಹಾಲಿನ ದೀಪ ಯಾರಿಗೆ? ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ ಎಂದು ನನಗನ್ನಿಸುತ್ತದೆ: ಯಾರೂ ಬರದ ಒಂದು ಸಾಧಾರಣ ಮಂಗಳವಾರದ ಸಂಜೆ ನೀವು ಅದನ್ನು ಹಚ್ಚುತ್ತೀರಾ? ಹಚ್ಚುವುದಾದರೆ ಅದು ನಿಮ್ಮ ಚಂದ. ನೆಂಟರು ಗೇಟು ತೆಗೆದ ಸದ್ದು ಕೇಳಿದ ಮೇಲೆ ಮಾತ್ರ ಸ್ವಿಚ್ಚಿಗೆ ಕೈ ಹೋಗುವುದಾದರೆ ವೆಬ್ಲೆನ್ ಹೇಳಿದ್ದು ಸರಿ.

ಈ ಪರೀಕ್ಷೆಯನ್ನು ವೈನಿಯ ಮುಂದಿಟ್ಟಾಗ ಅವರು ತಡಮಾಡದೆ “ದಿನಾ ಹಚ್ತೀನಿ” ಎಂದರು. ಆ ಮಾತು ನಮ್ಮ ಚರ್ಚೆಯ ದಿಕ್ಕು ಬದಲಿಸಿತು. ದಿನಾ ಹಚ್ಚುವ ದೀಪ ದಿನಾ ಕೂರುವ ಜಾಗದಲ್ಲಿರಬೇಕು. ಹಾಗಾಗಿ ನಡುವಿನ ಕೊಂಡಿ ಫ್ಯಾನಿಗೇ ಉಳಿಯಿತು, ಬೇಸಿಗೆಯ ಹಕ್ಕು ದೊಡ್ಡದು. ದೀಪಕ್ಕೆ ಊಟದ ಮೇಜಿನ ಮೇಲೆ ಬೇರೆ ಜಾಗ ಗೊತ್ತಾಯಿತು, ಕೈಗೆ ಎಟುಕುವಷ್ಟು ಕೆಳಗೆ, ಒರೆಸಲು ಸ್ಟೂಲು ಬೇಡದಷ್ಟು. ಗಾತ್ರ ಸಣ್ಣದಾಯಿತು, ಭಾರ ಇಳಿಯಿತು. ಊಟದ ಹೊತ್ತಿಗೆ ತಟ್ಟೆಯ ಮೇಲೂ ಎದುರಿಗಿದ್ದವರ ಮುಖದ ಮೇಲೂ ಅದರ ಬೆಳಕು ಬೀಳುತ್ತದೆ. ಮಾಡುವ ಕೆಲಸವನ್ನು ಕಿಟಕಿಯ ಗ್ರಿಲ್ಲು ಮಾಡಿದ ವೆಲ್ಡಿಂಗ್ ಹುಡುಗನಿಗೇ ವಹಿಸಬೇಕೆಂದು ಮಾತಾಗಿದೆ. ಚೌಕ ಸರಳಿನ ಮೂರು ತೋಳು, ವೈನಿಯ ಒತ್ತಾಯಕ್ಕೆ ಪ್ರತಿ ತೋಳಿನ ತುದಿಗೆ ಒಂದು ಸುರುಳಿ. ಸುರುಳಿಯನ್ನು ಅವನು ಗೂಟದ ಸುತ್ತ ಕೈಯಿಂದಲೇ ಬಾಗಿಸುತ್ತಾನೆ. ಆದ್ದರಿಂದ ಮೂರೂ ಒಂದೇ ಥರ ಇರುವುದಿಲ್ಲ ಎಂದು ಮೊದಲೇ ಹೇಳಿದ್ದಾನೆ, ಸ್ವಲ್ಪ ಸಂಕೋಚದಿಂದ. ಸುತ್ತಿಗೆಯ ತಗ್ಗು ಬೇಡ ಎಂದೆವು. ಅವನಿಗೆ ಆಶ್ಚರ್ಯವಾಯಿತು, ಎಲ್ಲರೂ ಕೇಳುವುದೇ ಅದನ್ನಂತೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ತಿಳಿದಿಲ್ಲ. ಗೊತ್ತಿರುವ ಹುಡುಗನ ಕೈಯಲ್ಲಿ ಮಾಡಿಸಿದ ಮಾತ್ರಕ್ಕೆ ಅವನ ಕಣ್ಣಿಗೆ ಕನ್ನಡಕ ಬರುವುದಿಲ್ಲ. ಅವನ ಕೂಲಿ, ಅವನ ಸುರಕ್ಷತೆ, ಅವನ ಮುಪ್ಪಿನ ಪ್ರಶ್ನೆಗಳು ಒಂದು ಮನೆಯ ಒಳ್ಳೆಯ ಮನಸ್ಸಿನಿಂದ ಪರಿಹಾರವಾಗುವಂಥವಲ್ಲ. ಅವಕ್ಕೆ ಕಾನೂನು ಬೇಕು, ಸಂಘಟನೆ ಬೇಕು. ಆದರೆ ಯಾರ ದುಡಿಮೆಯನ್ನು ನಾವು ಅಳಿಸುತ್ತಿದ್ದೇವೆ ಎಂದು ಗೊತ್ತಿದ್ದವರಿಗೆ ಆ ಕಾನೂನಿನ ಅಗತ್ಯ ಬೇಗ ಅರ್ಥವಾಗುತ್ತದೆ. ಮನೆಗೆ ಬಂದವರು ದೀಪದ ಕಡೆ ನೋಡಿ “ರಾಟ್ ಐರನ್ ಏನ್ರೀ?” ಎಂದು ಕೇಳಿದರೆ, “ಅಲ್ಲರಿ, ಎಂ.ಎಸ್., ಇಲ್ಲೇ ಮುಂದಿನ ಓಣಿಯ ಹುಡುಗ ಮಾಡಿದ್ದು” ಎಂದು ಹೇಳಬಹುದು. ಆ ಉತ್ತರದಲ್ಲಿ ಲೋಹದ ಹೆಸರು ಸಣ್ಣದಾಗುತ್ತದೆ, ಮಾಡಿದವನ ವಿಳಾಸ ಉಳಿಯುತ್ತದೆ.